ಬಿಸಿಲಿಗೆ ಹೊದಿಸಿದ ಕೌದಿ

ಗಜೇಂದ್ರಗಡದ ಶಾಂತವ್ವನ ಮನೆಯ ಕರೆಂಟಿನ ಲೈನ್ ಕತ್ತರಿಸಲು ನಾನು ಒಪ್ಪಲಿಲ್ಲ ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ನಿವೃತ್ತಿಯ ದಿನ ರೋಣದ ಕಚೇರಿಯಲ್ಲಿ ಶಾಲು ಹೊದಿಸಿದಾಗಲೂ ಅದನ್ನೇ ಹೇಳಿದೆ. ಚಪ್ಪಾಳೆ ಬಿತ್ತು. ಇದನ್ನು ಬರೆಯಲು ಕೂರುವ ಮುಂಚೆ ಆ ವರ್ಷದ ಡೈರಿ ತೆಗೆದು ನೋಡಿದೆ. ನನ್ನದೇ ಅಕ್ಷರದಲ್ಲಿ ಹೀಗಿದೆ: "ಗಜೇಂದ್ರಗಡ. ನೇಕಾರರ ಓಣಿ. ಸೋಲಾರ್ ಮೇಲೆ ಕೌದಿ ಹಾಸಿದ್ದಳು. ಬೈದೆ. ಲೈನ್ ತೆಗೆಸಿ ಬಂದೆ. ಊಟ ತಡವಾಯಿತು."

ಒಪ್ಪಲಿಲ್ಲ ಎಂಬುದು ಸುಳ್ಳಲ್ಲ. ಆದರೆ ಅದು ಎರಡನೆಯ ಸಲದ ಮಾತು. ಮೊದಲ ಸಲದ ಮಾತನ್ನು ಮನಸ್ಸು ಎಲ್ಲಿಯೋ ಮಡಚಿ ಇಟ್ಟುಬಿಟ್ಟಿತ್ತು. ಹಾಗಾಗಿ ಇಲ್ಲಿ ಬರೆಯುವುದನ್ನು ಡೈರಿಯ ಜೊತೆ ತಾಳೆ ನೋಡಿಯೇ ಬರೆಯುತ್ತೇನೆ. ಡೈರಿಯಲ್ಲಿ ಇಲ್ಲದ್ದನ್ನು ಇಲ್ಲ ಎಂದೇ ಹೇಳುತ್ತೇನೆ.

ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿ ವಿದ್ಯುತ್ ಇಲಾಖೆಗೆ ಸೇರಿದವಳು ನಾನು. ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳಲ್ಲೇ ಸುತ್ತಿ ಸುತ್ತಿ ಸೇವೆ ಮುಗಿಯಿತು. ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದನ್ನು ಬಿಡುತ್ತೇನೆ. ಅದರಿಂದ ಯಾರ ಮನೆಯ ದೀಪವೂ ಹೆಚ್ಚು ಉರಿಯಲಿಲ್ಲ.

ರೋಣದಲ್ಲಿ ನನಗೆ ಕೆಲಸ ಕಲಿಸಿದವರು ಹಿರೇಮಠ ಸಾಹೇಬರು. ಯಾವ ಮನೆಗೆ ತಪಾಸಣೆಗೆ ಹೋದರೂ ಹೊಸ್ತಿಲಲ್ಲೇ ನೀರು ಕೇಳುತ್ತಿದ್ದರು. ಬಾಯಾರಿಕೆ ಇರಲಿ ಬಿಡಲಿ, ತಂಬಿಗೆ ಬರುವವರೆಗೆ ಕಟ್ಟೆಯ ಮೇಲೆ ಕೂರುತ್ತಿದ್ದರು. ಬೆಲ್ಲ ಕೊಟ್ಟರೆ ಬಾಯಿಗೆ ಹಾಕಿಕೊಂಡು, ಮಳೆ, ಬೆಳೆ, ಮಗಳ ಮದುವೆ ಎಲ್ಲ ಮಾತಾಡಿ, ಆಮೇಲೆ ಮೀಟರಿನ ಹತ್ತಿರ ಹೋಗುತ್ತಿದ್ದರು. ನನಗದು ಕಾಲಹರಣವಾಗಿ ಕಾಣುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ. "ಮೊದಲ ನೀರ ಕೇಳಬೇಕು ನೋಡವ್ವ, ಆಮ್ಯಾಲ ಮೀಟರ್," ಎಂದರು. "ನೀರ ಕುಡ್ಯೂದ್ರಾಗ ಮನಿ ತನ್ನ ಹಕೀಕತ್ ತಾನ ಹೇಳ್ತೈತಿ. ಮೀಟರ್ ಬರೇ ನಂಬರ್ ಹೇಳ್ತೈತಿ."

ಅಂದಿನ ಮೀಟರುಗಳಲ್ಲಿ ಗಾಜಿನ ಹಿಂದೆ ಒಂದು ಅಲ್ಯುಮಿನಿಯಂ ಚಕ್ರ ತಿರುಗುತ್ತಿತ್ತು. ವಿದ್ಯುತ್ ಉಲ್ಟಾ ಹರಿದರೆ ಚಕ್ರವೂ ಉಲ್ಟಾ ತಿರುಗಿ, ಓಡಿದ ಯೂನಿಟ್ಟುಗಳು ಹಿಂದಕ್ಕೆ ಬರುತ್ತಿದ್ದವು. ಇದು ತಿಳಿದವರು ತಂತಿ ಅದಲುಬದಲು ಮಾಡುತ್ತಿದ್ದರು. ನರೇಗಲ್ಲಿನ ಒಬ್ಬ ಕಾಳಿನ ವ್ಯಾಪಾರಿಯ ಮನೆಯಲ್ಲಿ ನಾನು ಮೊದಲ ಬಾರಿಗೆ ಇದನ್ನು ಹಿಡಿದೆ. ಸಂತೆಯ ದಿನ, ಓಣಿಯ ತುಂಬ ಜನ. ಚಕ್ರ ನಿಧಾನವಾಗಿ ಹಿಂದಕ್ಕೆ ತಿರುಗುತ್ತಿತ್ತು. ಆ ಯಜಮಾನರಿಗೆ ಎಳ್ಳಷ್ಟೂ ನಾಚಿಕೆ ಇರಲಿಲ್ಲ. "ಬಾಯಾರ, ಗಡಿಯಾರ ಹಿಂದ ಬಿದ್ರ ಯಾರೂ ಕೇಳಂಗಿಲ್ಲ, ಮೀಟರ್ ಹಿಂದ ಬಿದ್ರ ನಿಮಗ್ಯಾಕ ಇಷ್ಟ ಸಿಟ್ಟು?" ಎಂದರು. ನೆರೆದವರೆಲ್ಲ ನಕ್ಕರು. ನಾನು ನಗಲಿಲ್ಲ. ಆ ದಿನದಿಂದ ಪ್ರತಿ ಮೀಟರಿನ ಹಿಂದೆ ನನಗೆ ಅವರ ಮುಖವೇ ಕಾಣತೊಡಗಿತು. ಒಬ್ಬ ಕಳ್ಳನನ್ನು ಹಿಡಿದ ಹೆಮ್ಮೆ ನೂರು ಜನರನ್ನು ಕಳ್ಳರಂತೆ ಕಾಣಿಸುತ್ತದೆ. ಈ ಕೆಲಸದ ಮೊದಲ ರೋಗ ಇದು, ನಿಮಗೂ ಬರುತ್ತದೆ.

ಮುಂದೆ ಎಲೆಕ್ಟ್ರಾನಿಕ್ ಮೀಟರುಗಳು ಬಂದವು. ಚಕ್ರ ಹೋಗಿ ಅದರ ಜಾಗದಲ್ಲಿ ಒಂದು ಕೆಂಪು ದೀಪ ಬಂತು. ಬಳಕೆ ಹೆಚ್ಚಾದಷ್ಟೂ ಅದು ಬೇಗ ಬೇಗ ಮಿಣುಕುತ್ತದೆ. ತರಬೇತಿಗೆ ಬಂದವರು ನಮ್ಮ ಕಣ್ಣೆದುರಿಗೇ ತಂತಿ ಅದಲುಬದಲು ಮಾಡಿ ತೋರಿಸಿದರು. ದೀಪ ಮೊದಲಿನಂತೆಯೇ ಮಿಣುಕಿತು, ಯೂನಿಟ್ಟು ಮೊದಲಿನಂತೆಯೇ ಏರಿತು. ವಿದ್ಯುತ್ ಯಾವ ದಿಕ್ಕಿಗೆ ಹರಿದರೂ ಈ ಮೀಟರು ಅದನ್ನು ಬಳಕೆ ಎಂದೇ ಬರೆದುಕೊಳ್ಳುತ್ತಿತ್ತು. ಇನ್ನು ಯಾವ ವ್ಯಾಪಾರಿಯೂ ನಮ್ಮನ್ನು ಆಡಿಕೊಳ್ಳುವಂತಿಲ್ಲ ಎಂದು ಕಚೇರಿಯಲ್ಲಿ ಪೇಡೆ ಹಂಚಿದೆವು. ಮುಂದೊಂದು ದಿನ ಸಾಮಾನ್ಯ ಮನೆಯಿಂದಲೂ ವಿದ್ಯುತ್ ಹೊರಕ್ಕೆ ಹರಿಯಬಹುದು, ಅದು ಕಳ್ಳತನವಲ್ಲ, ಕೊಡುಗೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದವು. ಹೊಗೆಯಿಲ್ಲದ ವಿದ್ಯುತ್ತಿನ ಬಗ್ಗೆ ಹಳ್ಳಿಗಳಲ್ಲಿ ಸಭೆ ಮಾಡಿ ತಿಳಿಸಬೇಕೆಂದು ನಮಗೆ ಆದೇಶ ಬಂತು. ಜಕ್ಕಲಿಯ ಸಭೆಯಲ್ಲಿ ನಾನು ಭಾಷಣ ಮಾಡುತ್ತಿರುವಾಗಲೇ ಕರೆಂಟು ಹೋಯಿತು, ಮೈಕು ನಿಂತಿತು. ಮುಂದೆ ಕುಳಿತಿದ್ದ ಒಬ್ಬ ಮುದುಕ ಬಹಳ ಮರ್ಯಾದೆಯಿಂದ ಕೇಳಿದ: "ಫ್ಯಾನ್ ತಿರುಗೂದು ನಮ್ಮ ಗುಡ್ಡದಾಗ, ಗಾಳಿ ಯಾರಿಗೆ ಬೀಸ್ತೈತ್ರಿ?" ನಾನು ಅಂಕಿಅಂಶಗಳ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಶುದ್ಧ ವಿದ್ಯುತ್ತು ಬೇಕೇ ಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಬರುವ ದಾರಿಯಲ್ಲಿ ಬಡವರ ಮನೆಯೇ ಯಾಕೆ ಮೊದಲು ತುಳಿತಕ್ಕೆ ಸಿಗಬೇಕು ಎಂಬ ಪ್ರಶ್ನೆಯನ್ನು ಆ ಮುದುಕ ನನ್ನ ಸೆರಗಿಗೆ ಕಟ್ಟಿ ಕಳಿಸಿದ.

ಇನ್ನು ಶಾಂತವ್ವನ ವಿಷಯ. ಅವಳು ಕುಣಿಮಗ್ಗದ ನೇಕಾರಳು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವುದು. ಮಗ್ಗದ ಕೋಣೆಗೆ ಇದ್ದದ್ದು ಒಂದೇ ಬೆಳಕಿಂಡಿ. ಕಣ್ಣು ಮಂಜಾಗಿತ್ತು. ಮಗ್ಗದ ಮೇಲಿನ ಟ್ಯೂಬ್‌ಲೈಟ್ ಹತ್ತದಿದ್ದರೆ ಹಗಲಲ್ಲೂ ಅವಳಿಗೆ ಎಳೆ ಕಾಣುತ್ತಿರಲಿಲ್ಲ. ಗಂಡ ತೀರಿಹೋಗಿದ್ದ. ಆ ಮಗ್ಗದ ಮೇಲೆಯೇ ಅವಳ ಬದುಕು ನಿಂತಿತ್ತು.

ಅವಳ ಓಣಿಗೆ ಸೋಲಾರ್ ಏಜೆನ್ಸಿಯವರು ಬಂದರು. ಸಬ್ಸಿಡಿ ಇದೆ, ಮನೆಯ ಖರ್ಚು ತಗ್ಗುತ್ತದೆ, ಉಳಿದ ವಿದ್ಯುತ್ ಸರ್ಕಾರಕ್ಕೆ ಹೋಗುತ್ತದೆ ಎಂದರು. ಮಾಳಿಗೆಯ ಮೇಲೆ ಎರಡು ಫಲಕ ಕೂರಿಸಿದರು. ನಿಯಮದ ಪ್ರಕಾರ ನಾವು ಹೋಗಿ ಪರೀಕ್ಷಿಸಿ, ಹಳೆಯ ಮೀಟರು ತೆಗೆದು, ಒಳಬಂದದ್ದನ್ನೂ ಹೊರಹೋದದ್ದನ್ನೂ ಬೇರೆಬೇರೆ ಬರೆಯುವ ಎರಡು ದಿಕ್ಕಿನ ಮೀಟರು ಹಾಕಬೇಕು. ಆಮೇಲೆ ಫಲಕ ಚಾಲೂ ಮಾಡಬೇಕು. ಏಜೆನ್ಸಿಯವರಿಗೆ ಅಷ್ಟು ವ್ಯವಧಾನ ಇರಲಿಲ್ಲ. ಪೆಟ್ಟಿಗೆಗೆ ಅರಿಷಿಣ ಕುಂಕುಮ ಹಚ್ಚಿ, ಚಾಲೂ ಮಾಡಿ, ಫೋಟೊ ಹೊಡೆದುಕೊಂಡು ಹೋದರು. ಆಗ ಗಜೇಂದ್ರಗಡ ಶಾಖೆ ನನ್ನ ಕೈಯಲ್ಲಿತ್ತು, ಹೊಸ ಮೀಟರಿನ ಅರ್ಜಿ ನನ್ನ ಮೇಜಿನ ಮೇಲೆ ಕೂತಿತ್ತು. ಉಗ್ರಾಣದಲ್ಲಿ ಆ ಮೀಟರು ಇಲ್ಲ ಎಂದು ಯಾರೋ ಹೇಳಿದ್ದರು. ನಾನು ಅದನ್ನು ನಂಬಿ ಸುಮ್ಮನಿದ್ದೆ.

ಮುಂದಿನ ತಿಂಗಳು ಅವಳ ಮನೆಯ ಯೂನಿಟ್ಟು ತಗ್ಗುವ ಬದಲು ಏರಿತು. ಅದರ ಮುಂದಿನ ತಿಂಗಳು ಇನ್ನೂ ಏರಿತು. ಕಂಪ್ಯೂಟರು ಆ ಮನೆಯನ್ನು ಸಂಶಯದ ಪಟ್ಟಿಗೆ ಹಾಕಿತು. ಸೋಲಾರ್ ಹಾಕಿದ ಮೇಲೂ ಬಳಕೆ ಏರಿದೆ ಎಂದರೆ ಪಕ್ಕದ ಮನೆಯ ಪವರ್‌ಲೂಮಿಗೆ ಕದ್ದು ಲೈನ್ ಕೊಟ್ಟಿರಬೇಕು ಎಂದು ವಿಭಾಗದ ಸಾಹೇಬರು ತೀರ್ಮಾನಿಸಿದರು. ನನಗೂ ಅದೇ ಸರಿ ಎನ್ನಿಸಿತು. ನರೇಗಲ್ಲಿನ ವ್ಯಾಪಾರಿಯ ಮುಖ ಕಣ್ಣ ಮುಂದೆ ಇತ್ತಲ್ಲ.

ಹೋದೆ. ನೀರು ಕೇಳಲಿಲ್ಲ. ನೇರ ಮಾಳಿಗೆ ಹತ್ತಿದೆ. ಮಟಮಟ ಮಧ್ಯಾಹ್ನ. ಎರಡೂ ಫಲಕಗಳ ಮೇಲೆ ಎರಡು ದಪ್ಪ ಕೌದಿ ಹಾಸಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು ಹೇರಿದ್ದಳು. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಗಳು. ನನಗೆ ಸಿಟ್ಟು ನೆತ್ತಿಗೇರಿತು. ಸರ್ಕಾರ ಇಷ್ಟು ಖರ್ಚು ಮಾಡಿ ಕೊಟ್ಟದ್ದು ಹಾಸಿಗೆ ಒಣಗಿಸುವುದಕ್ಕಾ ಎಂದು ಓಣಿಗೆಲ್ಲ ಕೇಳುವಂತೆ ಬೈದೆ. ಅವಳು ಏನೋ ಹೇಳಲು ಬಂದಳು. ದೀಪ, ಮಿಣುಕುವುದು, ಮಧ್ಯಾಹ್ನ ಎಂದೇನೋ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಕೌದಿಗಳನ್ನು ನಾನೇ ಎಳೆದು ಕೆಳಗೆ ಹಾಕಿದೆ. ನಾವು ಕೆಳಗಿಳಿಯುವಷ್ಟರಲ್ಲಿ ಲೈನ್‌ಮನ್ ದ್ಯಾಮಣ್ಣ ಕಂಬ ಹತ್ತಿ ಲೈನ್ ಬಿಚ್ಚಿದ.

ಆಗ ಒಳಗೆ ಮಗ್ಗದ ದೀಪ ಆರಿತು. ಫಲಕದ ಮೇಲೆ ಬಿಸಿಲು ಬೆಂಕಿಯಂತೆ ಬೀಳುತ್ತಿತ್ತು. ಕಂಬದ ಲೈನ್ ಹೋದರೆ ಈ ಬಗೆಯ ಸೋಲಾರ್ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವವನಿಗೆ ಶಾಕ್ ಹೊಡೆಯಬಾರದು ಎಂಬುದಕ್ಕೆ ಮಾಡಿದ ಏರ್ಪಾಡು ಅದು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಒಮ್ಮೆ ಮೇಲೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಸೂರ್ಯಾಗೂ ನಿಮ್ಮ ಪರ್ಮಿಶನ್ ಬೇಕೇನ್ರಿ ಅಕ್ಕಾರ?"

ಈ ಮಾತು ಡೈರಿಯಲ್ಲಿ ಇಲ್ಲ. ಬರೆದುಕೊಳ್ಳುವ ಧೈರ್ಯ ಆಗಿರಲಿಕ್ಕಿಲ್ಲ. ಆದರೆ ಅವಳು ಅದನ್ನು ಹೇಳಿದಳೆಂದು ನನಗೆ ಗೊತ್ತು. ಯಾಕೆಂದರೆ ದ್ಯಾಮಣ್ಣ ಅದನ್ನು ಕಚೇರಿಯಲ್ಲಿ ಚಹಾ ಕುಡಿಯುವಾಗ ಅಭಿನಯಿಸಿ ತೋರಿಸಿದ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೆಯ ದಿನ ಅದೇ ಚಹಾದ ಹೊತ್ತಿಗೆ ಅವನು ಇನ್ನೊಂದು ನಗೆಮಾತು ತಂದ. "ಮೇಡಮ್ಮಾರ, ಆ ಮುದುಕಿ ದಾರ್ಯಾಗ ಹಿಡಿದು ನಿಂದ್ರಿಸಿದ್ಳ್ರಿ. ಮನ್ಯಾಗ ಎಲ್ಲಾ ಬಂದ್ ಮಾಡಿದ್ರ ಮೀಟರಿನ ದೀಪ ಜೋರ್ ಬಡಿತಿತ್ತಂತ, ಮಿಕ್ಸರ್ ಹಚ್ಚಿದ್ರ ಸಾವಕಾಶ ಆಗ್ತಿತ್ತಂತ. ತಲಿ ಕೆಟ್ಟೈತಿ ಅದಕ್ಕ."

ಎಲ್ಲರೂ ನಕ್ಕರು. ನಾನು ಚಹಾ ಕೆಳಗಿಟ್ಟೆ. ತರಬೇತಿಯವರು ತಂತಿ ಅದಲುಬದಲು ಮಾಡಿದ್ದು, ದೀಪ ಹಾಗೆಯೇ ಮಿಣುಕಿದ್ದು, ನಾವು ಪೇಡೆ ತಿಂದದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಮನೆಯಲ್ಲಿ ಏನೂ ಚಾಲೂ ಇಲ್ಲದಾಗ ಫಲಕದ ವಿದ್ಯುತ್ತೆಲ್ಲ ಹೊರಗೆ ಹೋಗುತ್ತದೆ. ಹಳೆಯ ಮೀಟರು ಅದನ್ನು ಅವಳ ಬಳಕೆ ಎಂದು ಬರೆಯುತ್ತದೆ. ಮಿಕ್ಸರ್ ಹಚ್ಚಿದರೆ ಅಷ್ಟು ವಿದ್ಯುತ್ ಮನೆಯಲ್ಲೇ ಖರ್ಚಾಗಿ ಹೊರಗೆ ಹೋಗುವುದು ಕಡಿಮೆಯಾಗುತ್ತದೆ. ದೀಪ ನಿಧಾನವಾಗುತ್ತದೆ. ಬಿ.ಇ. ಓದಿದ ನನಗೆ ಹೊಳೆಯದ್ದನ್ನು ಆ ಹೆಣ್ಣುಮಗಳು ಕೆಂಪು ದೀಪ ನೋಡಿಯೇ ಹಿಡಿದಿದ್ದಳು.

ಮರುದಿನ ಮಧ್ಯಾಹ್ನ ಯಾರ ಅಪ್ಪಣೆಯನ್ನೂ ಕೇಳದೆ ಹೋದೆ. ಕಟ್ಟೆಯ ಮೇಲೆ ಕೂತು ನೀರು ಕೇಳಿದೆ. ಶಾಂತವ್ವ ನೀರು ತಂದಳು, ಬೆಲ್ಲ ತರಲಿಲ್ಲ.

"ಅವತ್ತ ಕೇಳಿದ್ರ ಅವತ್ತ ಕೊಡ್ತಿದ್ನಿ," ಎಂದಳು.

ದ್ಯಾಮಣ್ಣನಿಗೆ ಲೈನ್ ಜೋಡಿಸಲು ಹೇಳಿದೆ. ಅವನು ಸಾಹೇಬರ ಕಾಗದ ಎಲ್ಲಿ ಎಂದ. ನನ್ನ ಬಾಯಿಮಾತೇ ಕಾಗದ ಎಂದೆ. ಜೋಡಿಸಿ ಕೆಳಗಿಳಿದ. ಸ್ವಲ್ಪ ಹೊತ್ತಿಗೆ ಫಲಕ ತಾನಾಗಿ ಚಾಲೂ ಆಯಿತು. ಮುಂದಿನ ಪರೀಕ್ಷೆ ನಡೆಸಿದವಳು ಶಾಂತವ್ವ, ನಾನಲ್ಲ. ಮನೆಯ ಎಲ್ಲ ಬಟನ್ನುಗಳನ್ನೂ ಒಂದೊಂದಾಗಿ ಬಂದ್ ಮಾಡಿಸಿದಳು. ಕೆಂಪು ದೀಪ ಪಟಪಟನೆ ಮಿಣುಕತೊಡಗಿತು. ದ್ಯಾಮಣ್ಣ ಬಗ್ಗಿ ನೋಡಿ ಕಣ್ಣುಜ್ಜಿಕೊಂಡ. ಅವಳು ಮಿಕ್ಸರಿಗೆ ಶೇಂಗಾ ಹಾಕಿ ತಿರುಗಿಸಿದಳು. ದೀಪ ತೂಕಡಿಸಿದ ಹಾಗೆ ನಿಧಾನವಾಯಿತು.

"ಈಗ ಮ್ಯಾಲ ಹೋಗಪ್ಪ ದ್ಯಾಮಣ್ಣ," ಎಂದಳು. "ಅಕ್ಕಾರು ಎಳದ ಒಗದಾರಲ್ಲ, ಆ ಕೌದಿ ಹಚ್ಚು. ಎರಡೂ."

ಮಿಕ್ಸರ್ ನಿಲ್ಲಿಸಿದಳು. ದೀಪ ಮತ್ತೆ ಜೋರಾಯಿತು. ಮೇಲೆ ದ್ಯಾಮಣ್ಣ ಒಂದು ಕೌದಿ ಹೊದಿಸಿದ. ದೀಪ ಅರ್ಧಕ್ಕೆ ಇಳಿಯಿತು. ಎರಡನೆಯದನ್ನೂ ಹೊದಿಸಿದ. ನಿಂತೇಬಿಟ್ಟಿತು. ಮಾಳಿಗೆಯಿಂದ ಅವನು ಕೂಗಿ ಕೇಳಿದ, ಏನಾತ್ರಿ ಅಂತ.

ಎರಡನೆಯ ಬಿಲ್ ಬಂದ ಮೇಲೆ ಅವಳು ದಿನಾಲೂ ಬಿಸಿಲೇರಿದಾಗ ಮಗ್ಗ ಬಿಟ್ಟೆದ್ದು, ಮಾಳಿಗೆ ಹತ್ತಿ, ತನ್ನ ಮನೆಗೆ ಬಂದ ಸೂರ್ಯನಿಗೆ ಕೌದಿ ಹೊದಿಸುತ್ತಿದ್ದಳು. ಹೊದಿಸಿದ ದಿನ ಉಳಿಯುತ್ತಿದ್ದಳು, ಮರೆತ ದಿನ ಮೀಟರು ಏರುತ್ತಿತ್ತು. ನಾನು ಬಂದು ಅದನ್ನೇ ಎಳೆದು ಹಾಕಿದೆ.

ವರದಿ ಬರೆದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ಈ ಮನೆಯವರು ನಮಗೆ ಕೊಟ್ಟ ವಿದ್ಯುತ್ತನ್ನು ನಮ್ಮ ಮೀಟರು ಅವರೇ ಬಳಸಿದ್ದೆಂದು ದಾಖಲಿಸಿದೆ, ಈ ತಪ್ಪಿಗೆ ಗ್ರಾಹಕರು ಹೊಣೆಯಲ್ಲ. ವಿಭಾಗದ ಸಾಹೇಬರು ಆ ವಾಕ್ಯದ ಮೇಲೆ ಬೆರಳಿಟ್ಟರು. ಅವರು ಕೆಟ್ಟವರಲ್ಲ, ಮಾತೂ ಮೃದು. ಏಜೆನ್ಸಿಯವರು ಅನುಮತಿ ಇಲ್ಲದೆ ಚಾಲೂ ಮಾಡಿದ್ದಾರೆ, ಅದನ್ನು ಗ್ರಾಹಕರ ತಪ್ಪು ಎಂದು ಬರೆದರೆ ವಿಷಯ ಮುಗಿಯಿತು ಎಂದರು. ಈ ವಾಕ್ಯ ಕಾಗದದ ಮೇಲೆ ಉಳಿದರೆ ನಾಳೆ ಫಲಕ ಇರುವ ಮನೆಯವರೆಲ್ಲ ಬಂದು ಸಾಲುಗಟ್ಟಿ ನಿಲ್ಲುತ್ತಾರೆ ಎಂದರು.

"ನೀವು ಹೇಳೂದು ಖರೇನ ಇರಬಹುದು. ಖರೇ ಅದ ಅಂತ ಎಲ್ಲಾ ಬರಿಲಿಕ್ಕೆ ಬರ್ತದೇನ್ರಿ?"

"ಬರದೀನ್ರಿ ಸರ್. ಕೆಳಗ ಆವಕದಾಗ ನಂಬರ್ ಸೈತ ಹಚ್ಚಿಸಿ ಬಂದೀನಿ."

ಬಂದ ಕಾಗದಗಳನ್ನು ದಾಖಲಿಸುವ ಆವಕ ಪುಸ್ತಕದಲ್ಲಿ ಒಮ್ಮೆ ಸಂಖ್ಯೆ ಬಿದ್ದ ಕಾಗದವನ್ನು ಯಾರೂ ಸದ್ದಿಲ್ಲದೆ ಹಿಂದಕ್ಕೆ ತೆಗೆಯಲಾಗದು. ಮೇಲಧಿಕಾರಿಯ ಕೋಣೆಗೆ ಹೋಗುವ ಮುಂಚೆ ಕೆಳಗಿನ ಗುಮಾಸ್ತರ ಬಳಿ ಹೋಗಿ ಬನ್ನಿ. ನನ್ನ ಇಡೀ ಸೇವೆಯಲ್ಲಿ ಕಲಿತ ಅತ್ಯಂತ ಉಪಯುಕ್ತ ವಿದ್ಯೆ ಇದೊಂದೇ. ಆ ದಿನದ ಮಾತುಗಳು ಇಷ್ಟೇ ಚೂಪಾಗಿದ್ದವೋ, ಹೇಳಿ ಹೇಳಿ ನಾನೇ ಮಸೆದಿದ್ದೇನೋ ತಿಳಿಯದು. ಡೈರಿಯಲ್ಲಿ ಇರುವುದು ಆವಕ ಸಂಖ್ಯೆ ಮಾತ್ರ. ಶಾಂತವ್ವನ ಲೈನ್ ಮತ್ತೆ ತೆಗೆಯಲು ಅವರು ಬಾಯಿಮಾತಿನಲ್ಲಿ ಹೇಳಿದರು. ಬರಹದಲ್ಲಿ ಕೊಡಿ ಎಂದೆ. ಕೊಡಲಿಲ್ಲ, ನಾನು ತೆಗೆಯಲಿಲ್ಲ. ಶಾಲು ಹೊದಿಸಿದ ದಿನ ನಾನು ಹೇಳಿದ್ದು ಈ ಭಾಗವನ್ನು.

ಸುಮ್ಮನಿರಬೇಕಿತ್ತು, ಇರಲಿಲ್ಲ. ರೋಣದಲ್ಲಿ, ಗಜೇಂದ್ರಗಡದಲ್ಲಿ, ಅಸೂಟಿಯಲ್ಲಿ ಹಳೆಯ ಮೀಟರಿನ ಮೇಲೆಯೇ ಚಾಲೂ ಆದ ಫಲಕಗಳನ್ನು ಹುಡುಕಿಕೊಂಡು ಹೋದೆ. ಎಲ್ಲ ಕಡೆ ಒಂದೇ ಕಥೆ. ಅಸೂಟಿಯ ಒಬ್ಬ ರೈತ ಫಲಕವನ್ನು ಬಿಚ್ಚಿ ದನದ ಕೊಟ್ಟಿಗೆಗೆ ಒರಗಿಸಿ ಇಟ್ಟಿದ್ದ. "ಬಿಸಿಲ ಪುಗಸಟ್ಟೆ ಅಂದ್ರು, ಬಿಸಿಲೇನ ಮನಿ ತಿಂತು," ಎಂದ. ಪ್ರತಿ ಮನೆಗೂ ಬೇರೆ ವರದಿ ಬರೆದೆ, ಪ್ರತಿಯೊಂದಕ್ಕೂ ಆವಕ ಸಂಖ್ಯೆ.

ಅದರ ಫಲ ಬೇಗನೆ ಬಂತು. ನನ್ನನ್ನು ನರಗುಂದದ ಉಗ್ರಾಣಕ್ಕೆ ಹಾಕಿದರು. ಜನರೇ ಬಾರದ ಜಾಗ, ತಂತಿಯ ಸುರುಳಿ, ಹಳೆಯ ಟ್ರಾನ್ಸ್‌ಫಾರ್ಮರ್, ಇಲಿ. ಸೇರಿದ ಮೊದಲ ವಾರವೇ ದಾಸ್ತಾನು ನೋಡುವಾಗ ಮೂಲೆಯಲ್ಲಿ ಮುಚ್ಚಿದ ಪೆಟ್ಟಿಗೆಗಳು ಕಂಡವು. ಬಿಚ್ಚಿದರೆ ಎರಡು ದಿಕ್ಕಿನ ಮೀಟರುಗಳು. ಮೊದಲಿನಿಂದಲೂ ಅಲ್ಲೇ ಇದ್ದವು. ಯಾಕೆ ಕಳಿಸಲಿಲ್ಲ ಎಂದು ಉಗ್ರಾಣದವನನ್ನು ಗದರಿಸಿದೆ. ಅವನು ಬೇಡಿಕೆ ಪತ್ರಗಳ ಕಡತ ತಂದು ನನ್ನ ಮುಂದಿಟ್ಟ. ಗಜೇಂದ್ರಗಡ ಶಾಖೆಯಿಂದ ಒಂದೂ ಬೇಡಿಕೆ ಬಂದಿರಲಿಲ್ಲ. ಅದನ್ನು ಬರೆಯಬೇಕಿದ್ದವಳು ನಾನು. ಮೀಟರು ಇಲ್ಲ ಎಂದು ಯಾರೋ ಹೇಳಿದ್ದನ್ನು ಕೇಳಿ ಸುಮ್ಮನೆ ಕೂತಿದ್ದೆನಲ್ಲ, ಅಷ್ಟೇ. ಶಾಂತವ್ವನ ಮೇಲೆ ಬಂದದ್ದೆಲ್ಲ ನಾನು ಬರೆಯದ ಒಂದು ಹಾಳೆಯಿಂದ ಶುರುವಾಗಿತ್ತು. ಮೇಲಿನವರ ಬಗ್ಗೆ ಇಷ್ಟು ಬರೆದವಳು ಇದನ್ನೂ ಬರೆಯಬೇಕು.

ಶಿಕ್ಷೆಗೆ ಕಳಿಸಿದ ಜಾಗದಲ್ಲೇ ನನಗೆ ಬೇಕಾದ ಬೀಗದಕೈ ಸಿಕ್ಕಿತ್ತು. ಒಂದೊಂದು ಶಾಖೆಗೂ ಫೋನ್ ಮಾಡಿ ಬೇಡಿಕೆ ಬರೆಸಿಕೊಂಡೆ. ಬರೆಯಲು ಹಿಂದೇಟು ಹಾಕಿದವರಿಗೆ ನಾನೇ ನಮೂನೆ ತುಂಬಿ ಕಳಿಸಿ ಸಹಿ ಮಾತ್ರ ಕೇಳಿದೆ. ನನ್ನ ವರದಿಗಳು ಕೊನೆಗೆ ಮೇಲಿನ ಕಚೇರಿ ಮುಟ್ಟಿ, ಆ ಮನೆಗಳ ಲೆಕ್ಕ ತಿದ್ದಬೇಕೆಂದು ಆದೇಶ ಬಂದಾಗ ನನ್ನ ಹೆಸರು ಅದರಲ್ಲಿ ಇರಲಿಲ್ಲ. ಇರುವುದೂ ಬೇಕಿರಲಿಲ್ಲ.

ಮೊದಲ ಮೀಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗಜೇಂದ್ರಗಡಕ್ಕೆ ನಾನೇ ಒಯ್ದೆ. ದ್ಯಾಮಣ್ಣ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ. ಶಾಂತವ್ವ ನೀರು ಕೊಟ್ಟಳು, ಈ ಸಲ ಬೆಲ್ಲವೂ ಬಂತು. ಆದರೆ ಕೌದಿ ತೆಗೆಯಲು ಯಾರಿಗೂ ಬಿಡಲಿಲ್ಲ. ತಾನೇ ಮಾಳಿಗೆ ಹತ್ತಿ ಒಂದು ಕೌದಿಯ ಒಂದು ಮೂಲೆ ಸರಿಸಿದಳು. ಕೆಳಗಿಳಿದು ಬಂದು ಮೀಟರು ನೋಡಿದಳು. ಒಳಬಂದದ್ದು ಯಾವ ಅಂಕಿ, ಹೊರಹೋದದ್ದು ಯಾವ ಅಂಕಿ ಎಂದು ನನ್ನಿಂದ ಹೇಳಿಸಿಕೊಂಡಳು. ಮತ್ತೆ ಹತ್ತಿ ಪೂರ್ತಿ ತೆಗೆದಳು. ಮತ್ತೆ ಇಳಿದು ನೋಡಿದಳು. ಹೀಗೆ ನಾಲ್ಕು ಸಲ. ದ್ಯಾಮಣ್ಣ ಗೊಣಗಿದ, ನಾನು ಅವನನ್ನು ಕೂರಿಸಿದೆ. ನಂಬಿಕೆ ಕಳೆದವರು ನಾವು, ಕಾಯುವ ಪಾಳಿ ನಮ್ಮದು.

ನಿವೃತ್ತಿಯಾದ ಮೇಲೆ ಒಮ್ಮೆ ಅವಳ ಮನೆಗೆ ಹೋಗಿದ್ದೆ. ಮಗ್ಗದ ದೀಪ ಉರಿಯುತ್ತಿತ್ತು, ಕುಣಿಯೊಳಗಿಂದಲೇ ಕೂತುಕೊಳ್ಳಲು ಹೇಳಿದಳು. ಮಾಳಿಗೆ ಹತ್ತಿ ನೋಡಿದೆ. ಫಲಕಗಳು ಬಿಸಿಲಲ್ಲಿ ಹೊಳೆಯುತ್ತಿದ್ದವು. ಪಕ್ಕದ ಗೋಡೆಯ ನೆರಳಲ್ಲಿ ಅವೇ ಎರಡು ಕೌದಿ ಮಡಚಿಟ್ಟಿದ್ದವು. ಮೇಲೆ ನಾಲ್ಕು ಕಲ್ಲು ಸಿದ್ಧವಾಗಿದ್ದವು. ಕೆಳಗಿಳಿದು ಬಂದು, ಇನ್ನೂ ಯಾಕೆ ಇಟ್ಟಿದ್ದೀ, ಮೀಟರು ಬದಲಾಯಿತಲ್ಲ, ಒಳಗೊಯ್ದು ಹೊದ್ದುಕೋ ಎಂದೆ.

"ಇರ್ಲಿ ಬಿಡ್ರಿ ಅಕ್ಕಾರ," ಎಂದಳು ಕುಣಿಯೊಳಗಿಂದ, ಕೈ ನಿಲ್ಲಿಸದೆ. "ಇನ್ನೊಂದ ಹೊಸಾ ಮೀಟರ್ ಬರ್ತೈತಂತ, ದ್ಯಾಮಣ್ಣ ಹೇಳ್ಯಾನ. ನೀವರ ರಿಟಾಯರ್ ಆದ್ರಿ. ಮುಂದ ಬರಾವ್ರು ನೀರ ಕೇಳ್ತಾರೋ ಇಲ್ಲೋ."

ಹೊಸದಾಗಿ ಈ ಕೆಲಸಕ್ಕೆ ಬರುವವರೇ, ಅವಳು ಹೇಳಿದ ಆ ಮುಂದೆ ಬರುವವರು ನೀವು.